ವಾಪಸ್ ಬಂದ ಸಂಬಳದ ಚೆಕ್ಕು

ಆಗ ನಾನು ತಿಪಟೂರಿನ ಹೊರಗಿದ್ದ ಒಂದು ಕಾಯಿಪುಡಿ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ತೆಂಗಿನಕಾಯಿಯ ಕರಟ ಬಿಡಿಸಿ, ಕಂದು ಸಿಪ್ಪೆ ಹೆರೆದು, ಬಿಳಿ ತಿರುಳನ್ನು ಪುಡಿ ಮಾಡಿ ಒಣಗಿಸಿ ಬೊಂಬಾಯಿಯ ಬಿಸ್ಕತ್ತಿನವರಿಗೆ ಕಳುಹಿಸುವ ಕಾರ್ಖಾನೆ ಅದು. ಸಿಪ್ಪೆ ಹೆರೆಯುವುದಕ್ಕೆ ಸುತ್ತಲಿನ ಹಳ್ಳಿಗಳಿಂದ ನಲವತ್ತು ಹೆಂಗಸರು ಬರುತ್ತಿದ್ದರು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳು ನಾನೊಬ್ಬಳೇ. ನನಗೆ ಇಪ್ಪತ್ತಮೂರು ವರ್ಷ. ತುರುವೇಕೆರೆ ರಸ್ತೆಯ ಹಳ್ಳಿಯೊಂದರಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ನಾನು, ಹಿತ್ತಲಲ್ಲಿ ಹದಿನೆಂಟು ತೆಂಗಿನಮರ.

ಕಾರ್ಖಾನೆ ಸರಿಯಾಗಿ ನಡೆಯುತ್ತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಸ್ವಲ್ಪ ಹೆಚ್ಚೇ ಗೊತ್ತಿತ್ತು. ಪುಡಿ ಹಳದಿಯಾಗಿದೆ, ಕಮಟು ವಾಸನೆ ಬರುತ್ತಿದೆ ಎಂದು ಬೊಂಬಾಯಿಯವರು ಎರಡು ಲಾರಿ ಮಾಲು ವಾಪಸ್ ಕಳುಹಿಸಿದ್ದರು. ಅವರಿಗೆ ಬರೆದ ಸಮಾಧಾನದ ಕಾಗದಗಳನ್ನೂ, ಬೆಂಗಳೂರಿನ ಬ್ಯಾಂಕಿಗೆ ಬರೆದ ‘ಇನ್ನೊಂದು ತಿಂಗಳು ಅವಕಾಶ ಕೊಡಿ’ ಎಂಬ ಕಾಗದಗಳನ್ನೂ ಟೈಪ್ ಮಾಡಿದವಳು ನಾನೇ. ಟೈಪ್ ಮಾಡುವವರಿಗೆ ಅಕ್ಷರ ಕಾಣುತ್ತದೆಯೇ ಹೊರತು ವಿಷಯ ಕಾಣುವುದಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ.

ಮೂರು ತಿಂಗಳು ಸಂಬಳವಾಗಿರಲಿಲ್ಲ. ಒಂದು ಗುರುವಾರ ಮಧ್ಯಾಹ್ನ ಮಾಲೀಕರು ನನ್ನನ್ನು ಒಳಗೆ ಕರೆದು ಮೂರೂ ತಿಂಗಳದ್ದು ಸೇರಿಸಿ ಸಾವಿರದ ಐವತ್ತು ರೂಪಾಯಿಗೆ ಒಂದು ಚೆಕ್ಕು ಬರೆದುಕೊಟ್ಟರು. ಅಲ್ಲಿಯವರೆಗೆ ಸಂಬಳ ನಗದಾಗಿ, ಕವರಿನಲ್ಲಿ ಬರುತ್ತಿತ್ತು. ಚೆಕ್ಕಿನ ಶಾಯಿ ಒಣಗಲೆಂದು ಊದುತ್ತಾ ಅವರು, “ಒಂದು ಹದಿನೈದು ದಿನ ಬಿಟ್ಟು ಬ್ಯಾಂಕಿಗೆ ಹಾಕಮ್ಮ, ಆಯ್ತಾ?” ಅಂದರು. ತಾರೀಖು ಮಾತ್ರ ಆವತ್ತಿನದೇ ಹಾಕಿದ್ದರು. ನಾನು ತಲೆಯಾಡಿಸಿದೆ.

ಹದಿನೈದು ದಿನ ಕಾಯಲಿಲ್ಲ. ಒಂದು ದಿನವೂ ಪೂರ್ತಿ ಕಾಯಲಿಲ್ಲ.

ಅದಕ್ಕೊಂದು ಕಾರಣವಿತ್ತು. ನಾನು ಟೈಪಿಂಗ್ ಕಲಿತದ್ದು ಪೇಟೆಯಲ್ಲಿ ಮಹಡಿಯ ಮೇಲಿದ್ದ ಒಂದು ಇನ್‌ಸ್ಟಿಟ್ಯೂಟಿನಲ್ಲಿ. ಅಲ್ಲಿನ ಮೇಷ್ಟ್ರು ವಯಸ್ಸಾಯಿತೆಂದು ಬಾಗಿಲು ಮುಚ್ಚಿ ಶಿವಮೊಗ್ಗದ ಮಗಳ ಮನೆಗೆ ಹೊರಟಿದ್ದರು, ಮಿಷನ್ನುಗಳನ್ನೆಲ್ಲ ಮಾರುತ್ತಿದ್ದರು. ಇದ್ದದ್ದು ಒಂದೇ ಒಂದು ಕನ್ನಡ ಟೈಪ್‌ರೈಟರು. ತಾಲ್ಲೂಕು ಕಚೇರಿಯಲ್ಲಿ ಎಲ್ಲವೂ ಕನ್ನಡದಲ್ಲೇ ಆಗಬೇಕು ಎಂದು ಹೇಳುತ್ತಿದ್ದ ಕಾಲ; ಕನ್ನಡ ಮಿಷನ್ನು ಇಟ್ಟುಕೊಂಡವರಿಗೆ ಕೆಲಸಕ್ಕೆ ಬರವಿರಲಿಲ್ಲ. ಮೇಷ್ಟ್ರು ಒಂಬೈನೂರು ಹೇಳಿದ್ದರು. “ಚಿಕ್ಕನಾಯಕನಹಳ್ಳಿಯವರೊಬ್ಬರು ಶನಿವಾರ ದುಡ್ಡು ಹಿಡ್ಕೊಂಡು ಬರ್ತಾರೆ. ಅಷ್ಟರೊಳಗೆ ನೀನು ತಂದರೆ ನಿನಗೇ,” ಎಂದಿದ್ದರು. ಚೆಕ್ಕು ಕೈಗೆ ಬಂದಾಗ ನನ್ನ ಕಣ್ಣಿಗೆ ಕಂಡದ್ದು ಆ ಮಿಷನ್ನು, ಅದರ ಹಸಿರು ಬಣ್ಣ, ಒತ್ತಿದರೆ ಕೊಂಚ ತಡೆದು ಏಳುತ್ತಿದ್ದ ಅದರ ‘ಳ’ ಅಕ್ಷರ.

ಮಾರನೆಯ ದಿನ ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ನಾನು ಮೆಟ್ಟಿಲ ಮೇಲಿದ್ದೆ. ಉಳಿತಾಯ ಖಾತೆಯ ಕೌಂಟರಿನಲ್ಲಿ ಒಬ್ಬ ಯುವಕ ಆಫೀಸರ್ ಇದ್ದರು. ಕಾರ್ಖಾನೆಯ ಕಾಗದಪತ್ರ ತೆಗೆದುಕೊಂಡು ನಾನು ಆಗಾಗ ಹೋಗುತ್ತಿದ್ದುದರಿಂದ ಮುಖಪರಿಚಯವಿತ್ತು. ಅವರು ಚೆಕ್ಕು ತಿರುಗಿಸಿ ನೋಡಿ, “ಇದು ಬೆಂಗಳೂರಿನ ಬ್ಯಾಂಕಿನದು. ಅಲ್ಲಿಗೆ ಹೋಗಿ ದುಡ್ಡಾಗಿ ಬರೋಕೆ ಇಪ್ಪತ್ತು ದಿನ ಹಿಡಿಯುತ್ತೆ. ಅಲ್ಲಿವರೆಗೂ ತೆಗೆಯೋ ಹಾಗಿಲ್ಲ,” ಎಂದರು.

“ಸಾರ್, ನಾಳೆ ಒಳಗೆ ಬೇಕಾಗಿತ್ತು.”

“ಏನು ಅಷ್ಟು ಅರ್ಜೆಂಟು?”

ಹೇಳಿದೆ. ಟೈಪ್‌ರೈಟರ್ ಎಂದಾಗ ಅವರ ಮುಖದಲ್ಲಿ ಒಂದು ನಗು ಬಂತು. ಅವರ ತಂಗಿಯೂ ಟೈಪಿಂಗ್ ಕಲಿಯುತ್ತಿದ್ದಳಂತೆ. ಮ್ಯಾನೇಜರ್ ಆ ವಾರ ರಜೆಯಲ್ಲಿದ್ದರು. ಆಫೀಸರ್ ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. “ಸಂಬಳದ ಚೆಕ್ಕು ತಾನೇ? ತೊಂದರೆ ಏನೂ ಇಲ್ಲವಲ್ಲ?”

“ಇಲ್ಲ ಸಾರ್,” ಎಂದೆ.

ಅವರು ಸಹಿ ಹಾಕಿದರು. ಹಿತ್ತಾಳೆ ಟೋಕನ್ ಕೈಗೆ ಬಂತು. ಖಾತೆಯಲ್ಲಿ ಮೊದಲೇ ಇದ್ದ ಎಪ್ಪತ್ತು ರೂಪಾಯಿ, ಇನ್ನೂ ದುಡ್ಡಾಗದ ಚೆಕ್ಕು, ಇವನ್ನು ನಂಬಿ ಸಾವಿರ ರೂಪಾಯಿ ತೆಗೆದುಕೊಂಡು ಹೊರಗೆ ಬಂದೆ. ಒಂಬೈನೂರು ಮೇಷ್ಟ್ರಿಗೆ. ಮಿಕ್ಕಿದ್ದರಲ್ಲಿ ಅವ್ವನಿಗೆ ಒಂದು ಸೀರೆ, ಬಸ್ಸಿನ ಮೇಲೆ ಮಿಷನ್ನು ಹಾಕಿಸಿದ್ದಕ್ಕೆ ಕೂಲಿ, ಮನೆಗೆ ಸಾಮಾನು. ಮನೆಯಲ್ಲಿ ಅವ್ವ ಮಿಷನ್ನನ್ನು ಸುತ್ತು ಹಾಕಿ ನೋಡಿ, “ಇದ್ಯಾತರ ಕಬ್ಬಿಣದ ಮೂಟೆ ಹೊತ್ಕೊಂಡ್ ಬಂದ್ಯೇ?” ಎಂದು ನಕ್ಕಳು.

ಹತ್ತನೆಯ ದಿನ ಕೆಲಸಕ್ಕೆ ಹೋದಾಗ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಹೆಂಗಸರು ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಮೋರಿಯ ಮೇಲೆ ಸಾಲಾಗಿ ಕೂತಿದ್ದರು. ಕಾವಲುಗಾರ, “ಯಜಮಾನ್ರು ಬೆಂಗಳೂರಿಗೆ ಹೋದ್ರು, ಯಾವಾಗ ಬತ್ತಾರೋ ಗೊತ್ತಿಲ್ಲ,” ಎಂದ. ಹೆಂಗಸರಲ್ಲೊಬ್ಬಳು ನನ್ನನ್ನು ಕೇಳಿದಳು: “ನಿಂಗೇನಾರ ಗೊತ್ತಿತ್ತೇನವ್ವಾ? ನೀನು ಒಳಗೇ ಕೂತ್ಕಂತಿದ್ದೆ.” ನಾನು ಇಲ್ಲ ಎಂದೆ. ಅವರಿಗೆ ಯಾರಿಗೂ ಚೆಕ್ಕು ಸಿಕ್ಕಿರಲಿಲ್ಲ. ನನಗೆ ಸಿಕ್ಕಿದೆ ಎಂದು ನಾನು ಹೇಳಲಿಲ್ಲ.

ಅದಾಗಿ ಎರಡು ವಾರಕ್ಕೆ ಬ್ಯಾಂಕಿನಿಂದ ಕಾಗದ ಬಂತು. ಜೊತೆಗೆ ನನ್ನ ಚೆಕ್ಕು, ಅದಕ್ಕೆ ಗುಂಡುಪಿನ್ನು ಚುಚ್ಚಿದ ಒಂದು ಸಣ್ಣ ಚೀಟಿ. ಚೀಟಿಯಲ್ಲಿ ಇಂಗ್ಲಿಷಿನ ಮೂರೇ ಮಾತು: ರೆಫರ್ ಟು ಡ್ರಾಯರ್. ಚೆಕ್ಕು ಬರೆದವರನ್ನೇ ಕೇಳಿಕೊಳ್ಳಿ ಎಂದು. ನಿಮ್ಮ ಖಾತೆಯಲ್ಲಿ ಒಂಬೈನೂರ ಮೂವತ್ತು ರೂಪಾಯಿ ಹೆಚ್ಚಿಗೆ ತೆಗೆದಂತಾಗಿದೆ, ಕೂಡಲೇ ಬಂದು ಕಟ್ಟತಕ್ಕದ್ದು ಎಂದು ಕಾಗದ ಹೇಳುತ್ತಿತ್ತು.

ಆವತ್ತೇ ಬ್ಯಾಂಕಿಗೆ ಹೋಗಿ, “ಸಾರ್, ಹೀಗಾಯ್ತು, ತಿಂಗಳಿಗಿಷ್ಟು ಕಟ್ತೀನಿ,” ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನು ಹೋಗಲಿಲ್ಲ. ಆ ಆಫೀಸರ್ ಮುಖ ನೆನೆದರೆ ಕಾಲು ಏಳುತ್ತಿರಲಿಲ್ಲ. ಕಾಗದವನ್ನು ಮಡಿಚಿ ಅಕ್ಕಿಡಬ್ಬದ ತಳಕ್ಕೆ ಸೇರಿಸಿದೆ. ಎರಡನೆಯ ಕಾಗದವನ್ನೂ ಅಲ್ಲಿಗೇ ಸೇರಿಸಿದೆ. ಕಾರ್ಖಾನೆ ಮುಚ್ಚಿದ್ದು ಅವ್ವನಿಗೆ ಗೊತ್ತಿತ್ತು. ಚೆಕ್ಕಿನ ವಿಷಯ ಗೊತ್ತಿರಲಿಲ್ಲ.

ಮೂರನೆಯದು ರಿಜಿಸ್ಟರ್ಡ್. ಪೋಸ್ಟ್‌ಮ್ಯಾನ್ ಜಗಲಿಯ ಮೇಲೆ ಕೂತು ಸಹಿ ಹಾಕಿಸಿಕೊಂಡು ಕೊಟ್ಟ. ಅದು ವಕೀಲರ ನೋಟೀಸು, ಎರಡು ಹಾಳೆ. ಅಂಥ ಕಾಗದದ ಭಾಷೆ ನನಗೆ ಹೊಸದಲ್ಲ. ‘ಫೇಲಿಂಗ್ ವಿಚ್’, ಅಂದರೆ ‘ತಪ್ಪಿದಲ್ಲಿ’, ಎಂಬ ಮಾತನ್ನು ಎಷ್ಟು ಸಲ ಹೊಡೆದಿದ್ದೆನೋ. ಮಾಲೀಕರು ಯಾರನ್ನಾದರೂ ಹೆದರಿಸಬೇಕಾದಾಗ ಬಳಸುತ್ತಿದ್ದ ಮಾತು. ಈಗ ಅದೇ ಮಾತು ನನ್ನ ಹೆಸರಿನ ಕೆಳಗೆ ಬಂದಿತ್ತು. ಹದಿನೈದು ದಿನದೊಳಗೆ ಬಡ್ಡಿ ಸಮೇತ ಕಟ್ಟಬೇಕು, ತಪ್ಪಿದಲ್ಲಿ ಸಿವಿಲ್ ದಾವೆ ಹೂಡಲಾಗುವುದು. ಚೆಕ್ಕು ದುಡ್ಡಾಗುವುದಿಲ್ಲವೆಂದು ತಿಳಿದಿದ್ದೂ ಬ್ಯಾಂಕನ್ನು ವಂಚಿಸಿದ್ದಕ್ಕಾಗಿ ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡಲಾಗುವುದು. ‘ತಿಳಿದಿದ್ದೂ’ ಎಂಬಲ್ಲಿ ನನ್ನ ಕಣ್ಣು ನಿಂತಿತು. ಮಾಲೀಕರು ಚೆಕ್ಕಿನ ಮೇಲೆ ಊದುತ್ತಾ ಹೇಳಿದ ಮಾತು ಕಿವಿಯಲ್ಲೇ ಇತ್ತು. ಅದನ್ನು ಕೇಳಿಸಿಕೊಂಡವಳು ಲೋಕದಲ್ಲಿ ನಾನೊಬ್ಬಳೇ. ಆದರೂ ಯಾರೋ ಬರೆದಿಟ್ಟುಕೊಂಡಿದ್ದಾರೆ ಅನ್ನಿಸುತ್ತಿತ್ತು.

ಆಮೇಲಿನ ದಿನಗಳು ನನಗೆ ಒಂದೇ ಬಣ್ಣದಲ್ಲಿ ನೆನಪಿವೆ: ಖಾಕಿ. ಪೋಸ್ಟ್‌ಮ್ಯಾನ್ ಖಾಕಿ, ಬಸ್ಸಿನ ಕಂಡಕ್ಟರ್ ಖಾಕಿ, ಸ್ಕೂಲಿನ ಜವಾನ ಖಾಕಿ. ಓಣಿಯಲ್ಲಿ ಖಾಕಿ ಕಂಡರೆ ಹಿತ್ತಲಿಗೆ ಹೋಗಿ ತೆಂಗಿನಮರದ ಬುಡದಲ್ಲಿ ಗರಿ ಸೀಳುತ್ತಾ ಕೂತುಬಿಡುತ್ತಿದ್ದೆ. ಟೈಪ್‌ರೈಟರಿನ ಮೇಲೆ ಗೋಣಿಚೀಲ ಮುಚ್ಚಿದ್ದೆ. ಅದರಿಂದ ನಾಲ್ಕು ಕಾಸು ದುಡಿಯಬಹುದಿತ್ತು, ಆದರೆ ಮುಟ್ಟಲು ಭಯ. ಅದರ ಸದ್ದು ಕೇಳಿದರೆ ಅದನ್ನು ಕೊಂಡದ್ದು ಎಲ್ಲರಿಗೂ ತಿಳಿಯುತ್ತದೆ, ಜಪ್ತಿ ಮಾಡುವವರು ನೇರವಾಗಿ ಆ ಸದ್ದಿಗೇ ಬರುತ್ತಾರೆ ಎಂದು ಹುಚ್ಚುಹುಚ್ಚಾಗಿ ಯೋಚಿಸುತ್ತಿದ್ದೆ.

ಕಡೆಗೆ ಬಂದವರು ಜಪ್ತಿಯವರಲ್ಲ, ಪೊಲೀಸಿನವರು. ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಸೈಕಲ್ಲು ತಳ್ಳಿಕೊಂಡು ಒಬ್ಬ ಕಾನ್‌ಸ್ಟೇಬಲ್ ಬಾಗಿಲಿಗೆ ಬಂದ. ಅವ್ವ ಅಂಗಳದಲ್ಲಿ ಕೊಬ್ಬರಿ ಒಡೆಯುತ್ತಿದ್ದಳು.

“ಕಾಯಿಪುಡಿ ಫ್ಯಾಕ್ಟ್ರಿ ಟೈಪಿಸ್ಟು ಯಾರಮ್ಮಾ ಇಲ್ಲಿ?”

ನಾನು ಹೊಸ್ತಿಲಿಗೆ ಬಂದೆ.

“ನಾಳೆ ಹನ್ನೊಂದಕ್ಕೆ ತಿಪಟೂರು ಟೇಸನ್ನಿಗೆ ಬಂದು ಸಾಹೇಬ್ರನ್ನ ಕಾಣ್ಬೇಕಂತೆ. ಬ್ಯಾಂಕಿನೋರು ಅರ್ಜಿ ಕೊಟ್ಟವ್ರೆ.” ಅವನು ನೀರು ಕೇಳಿ ಕುಡಿದು, ಸೈಕಲ್ಲು ಹತ್ತಿ ಹೋದ. ಎದುರುಮನೆಯ ಜಗಲಿಯಲ್ಲಿ ಆಗಲೇ ನಾಲ್ಕು ಜನ ನಿಂತಿದ್ದರು. ಆ ಭಾನುವಾರ ಕೆಂಕೆರೆ ಕಡೆಯಿಂದ ನನ್ನನ್ನು ನೋಡಲು ಬರಬೇಕಾಗಿದ್ದ ಗಂಡಿನ ಮನೆಯವರು ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಅವ್ವ ಕತ್ತಿ ಕೆಳಗಿಟ್ಟು ಒಳಗೆ ಬಂದು ಬಾಗಿಲು ಹಾಕಿದಳು.

“ಏನೇ ಮಾಡಿದ್ದೀಯ? ಬಾಯ್ಬುಡು.”

ಅಕ್ಕಿಡಬ್ಬದಿಂದ ಕಾಗದಗಳನ್ನು ತೆಗೆದು ಮುಂದಿಟ್ಟೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ಕದ್ದಿಲ್ಲ ತಾನೇ?” ಎಂದಳು.

“ಇಲ್ಲ ಕಣವ್ವ.”

“ಅಕ್ಕಿ ಒಳಗೆ ಯಾಕ್ ಬಚ್ಚಿಟ್ಟೆ, ಅಂಗಾರೆ?”

ಅವಳು ಆ ಹೊಸ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಹಳೆಯದನ್ನೇ ಉಟ್ಟು, “ನಡಿ, ಇವತ್ತೇ ಹೋಗಾನ. ಯಾರಾರ ಲಾಯರ್ ಗೊತ್ತಾ ನಿಂಗೆ?” ಎಂದಳು.

ಗೊತ್ತಿದ್ದವರು ಒಬ್ಬರೇ. ಇನ್‌ಸ್ಟಿಟ್ಯೂಟಿಗೆ ಬಂದು ದಾವೆಗಳನ್ನು ಟೈಪ್ ಮಾಡಿಸುತ್ತಿದ್ದ ಒಬ್ಬ ವಯಸ್ಸಾದ ವಕೀಲರು. ಸದಾ ನೆಗಡಿ, ಕೋಟಿನ ಎರಡೂ ಜೇಬಿನಲ್ಲಿ ಕರವಸ್ತ್ರ. ಕೋರ್ಟಿನ ಹಿಂದಿನ ಓಣಿಯಲ್ಲಿ ಅವರ ಮನೆ. ನೋಟೀಸನ್ನು ಮೂಗಿನ ಹತ್ತಿರ ಹಿಡಿದು ಓದಿ ಮುಗಿಸಿ, ನನ್ನನ್ನು ನೋಡಿದರು.

“ಏನಮ್ಮ, ಜೈಲಿಗೆ ಹಾಕ್ತಾರೆ ಅಂತ ಹೆದರಿಕೊಂಡಿದೀಯಾ?”

ನಾನು ಅಳತೊಡಗಿದೆ. ಅಳು ನಿಂತ ಮೇಲೆ ಅವರು ನಿಧಾನವಾಗಿ ಹೇಳಿದರು. “ಕೇಳು. ಇಲ್ಲಿ ಎರಡು ವಿಷಯ ಇದೆ. ನಿನ್ನ ಖಾತೇಲಿ ಇದ್ದದ್ದಕ್ಕಿಂತ ಹೆಚ್ಚಿಗೆ ತಗೊಂಡಿದೀಯ. ಅದು ಸಾಲ. ಚೆಕ್ಕು ಕೊಟ್ಟವನು ಮೋಸ ಮಾಡಿದ ಅಂತ ನಿನ್ನ ಸಾಲ ಹೋಗಲ್ಲ, ಬ್ಯಾಂಕಿಗೆ ನೀನೇ ಕಟ್ಟಬೇಕು. ಅವನ ಹತ್ರ ನೀನು ಬೇರೆ ವಸೂಲು ಮಾಡ್ಕೋಬೇಕು. ಇದು ಸಿವಿಲ್. ಹಣ ಕಟ್ಟು ಅಂತ ಕೋರ್ಟು ಡಿಕ್ರಿ ಮಾಡಿದ್ರೂ ಅದಕ್ಕಾಗಿ ಹೆಂಗಸರನ್ನ ಸಿವಿಲ್ ಜೈಲಿಗೆ ಕಳಿಸೋ ಹಾಗಿಲ್ಲ, ಕಾನೂನಲ್ಲೇ ಇದೆ.”

“ಇನ್ನೊಂದು?” ಅವ್ವ ಕೇಳಿದಳು.

“ಇನ್ನೊಂದು ಮೋಸದ ಕೇಸು. ಅದಾಗಬೇಕಾದ್ರೆ, ಚೆಕ್ಕು ಹಾಕೋವಾಗ್ಲೇ ಇದು ದುಡ್ಡಾಗಲ್ಲ ಅಂತ ಇವಳಿಗೆ ಗೊತ್ತಿರಬೇಕು. ಗೊತ್ತಿತ್ತೇನಮ್ಮ?”

ಹದಿನೈದು ದಿನ ಬಿಟ್ಟು ಹಾಕು ಎಂದ ಮಾಲೀಕರ ಮಾತನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಅವ್ವ ನನ್ನ ಕಡೆ ತಿರುಗಿದಳು. ಅವಳಿಗೂ ಅದನ್ನು ಹೇಳಿರಲಿಲ್ಲ. ವಕೀಲರು ಕರವಸ್ತ್ರ ಮಡಿಚಿದರು, ಬಿಡಿಸಿದರು.

“ಆಮೇಲೆ ಹಾಕು ಅಂದ್ರೆ ಆಮೇಲೆ ದುಡ್ಡು ಬರುತ್ತೆ ಅಂತ ಅರ್ಥ, ಬರೋದೇ ಇಲ್ಲ ಅಂತಲ್ಲ. ಆದ್ರೆ ಪೊಲೀಸರು ಹಂಗೆ ಅರ್ಥ ಮಾಡ್ಕೋತಾರೆ ಅಂತ ಹೇಳೋಕಾಗಲ್ಲ. ನಾಳೆ ನಾನೂ ಬರ್ತೀನಿ. ಕೇಳಿದಷ್ಟಕ್ಕೆ ಉತ್ತರ ಕೊಡು. ಸುಳ್ಳು ಹೇಳಬೇಡ, ಹೆಚ್ಚಿಗೂ ಹೇಳಬೇಡ.”

ಸ್ಟೇಷನ್ನಿನಲ್ಲಿ ನಾನು ಅದಕ್ಕೆ ಮೊದಲೂ ಕಾಲಿಟ್ಟಿರಲಿಲ್ಲ, ಆಮೇಲೂ ಇಟ್ಟಿಲ್ಲ. ಒಳಗೆ ಬೆಂಚಿನ ಮೇಲೆ ಒಬ್ಬ ಗಂಡಸು ಅಂಗಿಯಿಲ್ಲದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಸಬ್‌ ಇನ್ಸ್‌ಪೆಕ್ಟರು ವಕೀಲರಿಗೆ ಕುರ್ಚಿ ತೋರಿಸಿ, ಹಿಂದೆ ನಿಂತ ಅವ್ವನನ್ನು ನೋಡಿ, “ಯಾರಮ್ಮ ನೀನು? ಆಚೆ ಇರು,” ಎಂದರು.

“ಹೆತ್ತೋಳು ಕಣಪ್ಪ. ಇಲ್ಲೇ ನಿಂತಿರ್ತೀನಿ,” ಎಂದಳು ಅವ್ವ. ಕದಲಲಿಲ್ಲ. ಅವರೂ ಮತ್ತೆ ಹೇಳಲಿಲ್ಲ.

“ಆ ದುಡ್ಡಲ್ಲಿ ಟೈಪ್‌ರೈಟರ್ ತಗೊಂಡ್ಯಂತೆ?” ಎಂದು ಕೇಳಿದರು ನನ್ನನ್ನು.

“ಹೌದು ಸಾರ್.”

“ಫ್ಯಾಕ್ಟರೀಲಿ ಟೈಪ್‌ರೈಟರ್ ಇರ್ಲಿಲ್ವಾ? ಮನೆಗೆ ಯಾಕೆ ಬೇಕಾಯ್ತು?” ನಾನು ಬಾಯಿ ತೆರೆಯುವುದರೊಳಗೆ ಅವರೇ ಮುಂದುವರಿಸಿದರು. “ಫ್ಯಾಕ್ಟರಿ ಮುಚ್ಚುತ್ತೆ ಅಂತ ಗೊತ್ತಿತ್ತು. ಮಾಲೀಕನ ಕಾಗದ ಎಲ್ಲ ನಿನ್ನ ಕೈಲೇ ಹೊಡೆಸ್ತಿದ್ದ. ಮುಚ್ಚೋಕೆ ಮುಂಚೆ ಬ್ಯಾಂಕಿನ ದುಡ್ಡಲ್ಲಿ ಮುಂದಿನ ದಾರಿ ನೋಡ್ಕೊಂಡೆ. ಹಂಗೇ ತಾನೇ?”

ಅವರು ಅದನ್ನು ಜೋಡಿಸಿದ ರೀತಿ ಎಷ್ಟು ಸರಾಗವಾಗಿತ್ತೆಂದರೆ, ಒಂದು ಕ್ಷಣ ನನಗೇ ಹೌದು ಅನ್ನಿಸಿಬಿಟ್ಟಿತು. ಮಿಷನ್ನು ಬೇಕೆಂಬ ಆಸೆ ಎರಡು ವರ್ಷದ್ದು. ಆದರೆ ಆವತ್ತು ಅಷ್ಟು ಅವಸರದಲ್ಲಿ ಓಡಿದ್ದು ಯಾಕೆ? ಬರೀ ಚಿಕ್ಕನಾಯಕನಹಳ್ಳಿಯವರು ಬರುತ್ತಾರೆಂದೇ? ಇವತ್ತಿಗೂ ನನಗೆ ಖಚಿತವಿಲ್ಲ.

“ಇಲ್ಲ ಸಾರ್,” ಎಂದೆ.

“ಚೆಕ್ಕು ಕೊಡೋವಾಗ ಅವನು ಏನಾದ್ರೂ ಹೇಳಿದ್ನಾ?”

ವಕೀಲರು ತಮ್ಮ ಬೂಟನ್ನು ನೋಡುತ್ತಿದ್ದರು.

“ಏನೂ ಹೇಳ್ಲಿಲ್ಲ ಸಾರ್.”

ಬೇಡವೆಂದು ವಕೀಲರು ಹೇಳಿದ್ದರೂ ಸುಳ್ಳು ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಿಸಿ ತಾಗಿದಾಗ ಕೈ ಹಿಂದಕ್ಕೆ ಬರುವ ಹಾಗೆ ಬಂತು. ಸಬ್‌ ಇನ್ಸ್‌ಪೆಕ್ಟರು ಬ್ಯಾಂಕಿನ ಅರ್ಜಿಯನ್ನು ಮುಂದಕ್ಕೆಳೆದುಕೊಂಡರು. ಆಮೇಲೆ ವಕೀಲರಿಗೆ, “ಮಾಲೀಕನನ್ನ ಹುಡುಕೋದು ಬಿಟ್ಟು ಈ ಹುಡುಗಿ ಮೇಲೆ ಅರ್ಜಿ ಕೊಟ್ಟಿದಾರೆ. ಇದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿ ಅಂತ ಬರೆದುಕೊಡ್ತೀನಿ,” ಎಂದರು. ನನ್ನ ಕಡೆ ತಿರುಗಿ, “ಹೋಗು. ಆದ್ರೆ ಬೇರೆ ಏನಾದ್ರೂ ಗೊತ್ತಾದ್ರೆ ಮತ್ತೆ ಕರೆಸ್ತೀನಿ,” ಎಂದು ಸೇರಿಸಿದರು. ನನ್ನ ಹೆದರಿಕೆಗೆ ಆ ಕಡೆಯ ಮಾತೊಂದೇ ಸಾಕಾಗಿತ್ತು.

ಹೊರಗೆ ಬಂದ ಮೇಲೆ ವಕೀಲರು ನನ್ನ ಸುಳ್ಳಿನ ಬಗ್ಗೆ ಏನೂ ಅನ್ನಲಿಲ್ಲ. “ಫೀಸಿಗೆ ಬದಲು ನನ್ನ ದಾವೆಗಳನ್ನ ಟೈಪ್ ಮಾಡಿಕೊಡು. ಮಿಷನ್ ಮೇಲೆ ಗೋಣಿ ಮುಚ್ಚಿಟ್ಟಿದೀಯ ಅಂದಳಲ್ಲ ನಿಮ್ಮವ್ವ, ಅದನ್ನ ತೆಗಿ ಮೊದಲು,” ಎಂದರು.

“ಅದನ್ನ ಜಪ್ತಿ ಮಾಡ್ತಾರಲ್ಲ ಸಾರ್?”

“ಕಸುಬುದಾರರ ಉಪಕರಣ ಜಪ್ತಿ ಮಾಡೋಕೆ ಬರಲ್ಲ ಅಂತ ವಾದ ಮಾಡಬಹುದು. ಆದ್ರೆ ನೀನು ಅದರಲ್ಲಿ ಕಸುಬು ಮಾಡ್ತಿದ್ರೆ ತಾನೇ ಉಪಕರಣ?”

ಆ ವಾರದಿಂದಲೇ ನಾನು ಟೈಪ್ ಮಾಡಲು ಶುರು ಮಾಡಿದೆ. ಮಿಷನ್ನನ್ನು ವಕೀಲರ ಮನೆಯ ಮುಂದಿನ ಕೋಣೆಯಲ್ಲಿಟ್ಟೆ. ತಾಲ್ಲೂಕು ಕಚೇರಿಗೆ ಬಂದವರು ಅರ್ಜಿ ಹೊಡೆಸಲು ಅಲ್ಲಿಗೇ ಬರತೊಡಗಿದರು. ನಲವತ್ತು ಹೆಂಗಸರ ಪರವಾಗಿ ಸಂಬಳದ ಬಾಕಿಗೆ ಕಾರ್ಮಿಕ ಇಲಾಖೆಗೆ ಕೊಟ್ಟ ಅರ್ಜಿಯನ್ನೂ ನಾನೇ ಹೊಡೆದೆ, ಕೊನೆಯಲ್ಲಿ ನನ್ನ ಹೆಸರನ್ನೂ ಸೇರಿಸಿ. ಅವರ ಮುಂದೆ ಚೆಕ್ಕಿನ ವಿಷಯ ಹೇಳಿದಾಗ, ಮೋರಿಯ ಮೇಲೆ ಕೂತಿದ್ದ ಆ ಹೆಂಗಸು, “ನಿಂಗೆ ಕೊಟ್ಟಿದ್ದೂ ಸುಳ್ಳು ಕಾಗ್ದ ತಾನೇ, ಬುಡು,” ಎಂದಳು. ಆ ಅರ್ಜಿಯಿಂದ ನಮಗೆ ದುಡ್ಡೇನೂ ಬರಲಿಲ್ಲ. ಕಾರ್ಖಾನೆಯ ಯಂತ್ರ ಮಾರಿದ ಹಣ ಬೆಂಗಳೂರಿನ ಬ್ಯಾಂಕಿನ ಸಾಲಕ್ಕೇ ಸಾಲಲಿಲ್ಲವಂತೆ.

ನಾಲ್ಕು ತಿಂಗಳ ಮೇಲೆ ಕೋರ್ಟಿನ ಅಮೀನರು ಸಮನ್ಸ್ ತಂದರು. ಬ್ಯಾಂಕು ದಾವೆ ಹೂಡಿತ್ತು. ವಕೀಲರು ಮೊದಲೇ ಹೇಳಿದ್ದರೂ, ಹಾಳೆಯ ಮೇಲೆ ‘ಪ್ರತಿವಾದಿ’ ಎಂಬ ಮಾತಿನ ಮುಂದೆ ನನ್ನ ಹೆಸರು ನೋಡಿದಾಗ ಹಿತ್ತಲಿಗೆ ಹೋಗಿ ಮತ್ತೆ ಗರಿ ಸೀಳುತ್ತಾ ಕೂತೆ.

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಬ್ಯಾಂಕಿನ ದಫ್ತರ ಕಂಕುಳಲ್ಲಿ ಇಟ್ಟುಕೊಂಡು ಅದೇ ಯುವಕ ಆಫೀಸರ್ ಬಂದರು. ತೆಳ್ಳಗಾಗಿದ್ದರು. ನನ್ನನ್ನು ಕಂಡು ದೂರ ಹೋಗುತ್ತಾರೆಂದುಕೊಂಡೆ. ಹತ್ತಿರವೇ ಬಂದು ನಿಂತರು.

“ನನಗೆ ಮೆಮೋ ಕೊಟ್ಟಿದ್ದಾರೆ. ದುಡ್ಡಾಗದ ಚೆಕ್ಕಿನ ಮೇಲೆ ಹಣ ಕೊಟ್ಟಿದ್ದಕ್ಕೆ. ಇನ್‌ಕ್ರಿಮೆಂಟ್ ನಿಂತಿದೆ,” ಎಂದರು. ದೂರುವ ದನಿಯಲ್ಲ. “ಒಂದು ಸಲ ಬಂದು ಮುಖ ತೋರಿಸಿದ್ದರೆ ನಾನು ಹೇಗಾದರೂ ಸರಿ ಮಾಡ್ತಿದ್ದೆ. ಯಾಕೆ ಬರಲಿಲ್ಲ?”

ನನಗೆ ತಡೆಯಲಾಗಲಿಲ್ಲ. “ಸಾರ್, ಹದಿನೈದು ದಿನ ಬಿಟ್ಟು ಹಾಕು ಅಂತ ಮಾಲೀಕರು ಹೇಳಿದ್ರು. ನಾನು ನಿಮಗೆ ಹೇಳ್ಲಿಲ್ಲ. ನೀವು ಕೇಳಿದಾಗಲೂ ಹೇಳ್ಲಿಲ್ಲ.”

ಅವರ ಮುಖ ಕಪ್ಪಿಟ್ಟಿತು. ಸುತ್ತ ನೋಡಿದರು. “ಈಗ ಯಾಕೆ ಹೇಳ್ತೀರ್ರೀ ಇದನ್ನ? ಒಳಗೆ ಪ್ರಮಾಣ ಮಾಡಿಸಿ ಕೇಳಿದ್ರೆ ನಾನು ಸುಳ್ಳು ಹೇಳೋಕಾಗುತ್ತಾ?” ಎಂದು ದಫ್ತರವನ್ನು ಎದೆಗೆ ಒತ್ತಿಕೊಂಡು ಹೊರಟುಹೋದರು.

ಒಳಗಿನಿಂದ ನನ್ನ ಹೆಸರನ್ನು ಮೂರು ಸಲ ಕೂಗಿದರು. ನಾನು ಒಳಗೆ ಹೋದೆ. ಆಫೀಸರ್ ಬ್ಯಾಂಕಿನ ವಕೀಲರ ಹಿಂದೆ ಕೂತಿದ್ದರು. ಅವರು ಬಾಯಿ ತೆರೆದರೆ ನಾನು ಮತ್ತೆ ಆ ಸ್ಟೇಷನ್ನಿನ ಬೆಂಚಿನ ಮುಂದೆ ಇರುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು.

ನಮ್ಮ ವಕೀಲರು ಎದ್ದು, “ಬಾಕಿ ಒಪ್ಪಿಕೊಂಡಿದ್ದೇವೆ ಸ್ವಾಮಿ. ಕಂತಿನಲ್ಲಿ ಕಟ್ಟಲು ಅವಕಾಶ ಬೇಡುತ್ತೇವೆ,” ಎಂದರು. ಬ್ಯಾಂಕಿನ ವಕೀಲರು, ಒಂದೇ ಸಲ ಕಟ್ಟಲಿ, ಇಲ್ಲವೇ ಆ ಹಣದಲ್ಲೇ ಕೊಂಡ ಟೈಪ್‌ರೈಟರನ್ನು ಜಪ್ತಿ ಮಾಡಿಸಿ ಎಂದರು. ಅದು ಆಕೆಯ ಕಸುಬಿನ ಸಾಧನ ಎಂದು ನಮ್ಮ ವಕೀಲರು. ಬಾಕಿ ಒಪ್ಪಿಕೊಂಡ ಮೇಲೆ ಸಾಕ್ಷಿಯ ಅಗತ್ಯವೇ ಬೀಳುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಪೀಠದಲ್ಲಿದ್ದ ಮುನ್ಸೀಫರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಚೆಕ್ಕು ವಾಪಸ್ ಬಂದಿದೆ ಅಂತ ಕಾಗದ ಬಂತಲ್ಲ, ಬ್ಯಾಂಕಿಗೆ ಯಾಕೆ ಹೋಗಲಿಲ್ಲ?”

“ಹೆದರಿಕೆ ಆಯ್ತು ಸ್ವಾಮಿ.”

ಹಿಂದೆ ಯಾರೋ ನಕ್ಕರು. ಮುನ್ಸೀಫರು ನಗಲಿಲ್ಲ. “ಹೆದರಿಕೊಂಡು ಮನೇಲಿ ಕೂತರೆ ಬಡ್ಡಿ ಕೂತಿರುತ್ತೇನಮ್ಮ?” ಎಂದು ಬರೆಯತೊಡಗಿದರು. ಅಸಲು, ಬಡ್ಡಿ, ಕೋರ್ಟು ಖರ್ಚು ಸೇರಿ ಸಾವಿರದ ನೂರು ಚಿಲ್ಲರೆ. ತಿಂಗಳಿಗೆ ಐವತ್ತು. ಎರಡು ಕಂತು ತಪ್ಪಿದರೆ ಮಿಕ್ಕಿದ್ದೆಲ್ಲ ಒಟ್ಟಿಗೆ. ಮೂರು ನಿಮಿಷದಲ್ಲಿ ಎಲ್ಲ ಮುಗಿದು ಮುಂದಿನ ಕೇಸು ಕೂಗಿದರು.

ಆಫೀಸರ್ ಆವತ್ತು ಏನೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಬ್ಯಾಂಕಿನ ಒಳವಿಚಾರಣೆಯಲ್ಲಿ ಹೇಳಿದರೋ ಏನೋ ಎಂದು ನಾನು ಒಂದು ವರ್ಷ ಬಾಗಿಲು ಕಾಯ್ದೆ. ಯಾರೂ ಬರಲಿಲ್ಲ. ಅವರನ್ನು ಬೀದರ್ ಕಡೆಗೆ ವರ್ಗ ಮಾಡಿದರೆಂದು, ನಾನು ಕಂತು ಕಟ್ಟಲು ಹೋದಾಗ ಕ್ಯಾಷಿಯರ್ ಹೇಳಿದರು. ವಿಳಾಸ ಕೇಳುವ ಧೈರ್ಯವಾಗಲಿಲ್ಲ.

ಇಪ್ಪತ್ತಮೂರು ತಿಂಗಳು. ಒಂದು ಕಂತನ್ನೂ ತಪ್ಪಿಸಲಿಲ್ಲ. ತಾರೀಖಿಗೆ ನಾಲ್ಕು ದಿನ ಮೊದಲೇ ಹೋಗಿ ಕಟ್ಟಿ, ರಸೀದಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಎರಡು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೊನೆಯ ಕಂತಿಗೆ ಅವ್ವನೂ ಬಂದಿದ್ದಳು. ಡಿಕ್ರಿ ತೀರಿತು ಎಂದು ಕೋರ್ಟಿಗೆ ಮೆಮೋ ಹಾಕಿಸಿ ಹೊರಗೆ ಬಂದಾಗ, “ಮುಗೀತಾ?” ಎಂದಳು. “ಮುಗೀತು ಕಣವ್ವ.” “ಇನ್ಮ್ಯಾಲೆ ಏನ್ ಬಂದ್ರೂ ಅವತ್ತೇ ನಂಗ್ ಯೋಳು,” ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ನಾನು ಆ ವಕೀಲರ ಹತ್ತಿರವೇ ಕೆಲಸಕ್ಕೆ ಉಳಿದೆ. ಎಷ್ಟೋ ವರ್ಷಗಳಾದ ಮೇಲೆ ಹೊಸ ಕಾನೂನೊಂದು ಬಂತು. ದುಡ್ಡಿಲ್ಲದ ಖಾತೆಯ ಮೇಲೆ ಚೆಕ್ಕು ಬರೆದುಕೊಟ್ಟು, ಅದು ವಾಪಸ್ ಬಂದು, ನೋಟೀಸು ಕೊಟ್ಟ ಮೇಲೂ ಹಣ ಕೊಡದಿದ್ದರೆ, ಚೆಕ್ಕು ಬರೆದವನಿಗೆ ಜೈಲು. ಆ ಕಾನೂನಿನ ಕೆಳಗೆ ನಮ್ಮ ಆಫೀಸಿಗೆ ಬಂದ ಮೊದಲ ದೂರನ್ನು ಟೈಪ್ ಮಾಡಿದವಳು ನಾನು. ಯಾರೋ ಕೊಬ್ಬರಿ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಕೊಟ್ಟ ಚೆಕ್ಕು. ವಕೀಲರು ಹೇಳುತ್ತಾ ಹೋದರು. ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ತಿಳಿದಿದ್ದೂ’ ಎಂಬಲ್ಲಿಗೆ ಬಂದಾಗ ನನ್ನ ಬೆರಳುಗಳು ನಿಂತವು.

“ಏನಮ್ಮ, ಕೇಳಿಸಲಿಲ್ವಾ?” ಅವರಿಗೆ ಆಗ ಕಿವಿ ಮಂದವಾಗಿತ್ತು, ಎಲ್ಲರಿಗೂ ಹಾಗೇ ಅಂದುಕೊಳ್ಳುತ್ತಿದ್ದರು.

“ಕೇಳಿಸ್ತು ಸಾರ್,” ಎಂದು ಹೊಡೆದೆ. ಎರಡು ಕಡೆ ತಪ್ಪಾಯಿತು. ಹಾಳೆ ಎಳೆದು, ಹೊಸದು ಹಾಕಿ, ಮೊದಲಿನಿಂದ ಶುರು ಮಾಡಿದೆ.